ಒಂಬತ್ತನೇ ನಿಯಮ ಬರೆದ ಮಳೆಗಾಲ

ಹೋದ ತಿಂಗಳು ಟೋಟೆಮ್ ಲೇಕಿನ ಒಂದು ಹಳೆಯ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿಗೆ ನಾಮಕರಣಕ್ಕೆಂದು ಹೋಗಿದ್ದೆ. ಬಾಗಿಲು ತೆರೆದದ್ದೇ ತಡ, ಒದ್ದೆ ಕಾರ್ಪೆಟ್ಟಿನದೂ ಬಹಳ ಹೊತ್ತು ಬಿಸಿಯಲ್ಲಿಟ್ಟ ಕಾಫಿಯದೂ ಕೂಡಿದ ವಾಸನೆ ಮೂಗಿಗೆ ಬಡಿಯಿತು. ಕೂಸಿಗೆ ಏನು ಹೆಸರಿಟ್ಟರು ಅಂತ ಮನೆಗೆ ಬಂದ ಮೇಲೆ ಗಂಡ ಕೇಳಿದರೆ ನನಗೆ ನೆನಪೇ ಇಲ್ಲ! ಕೈಯಲ್ಲಿ ಲಾಡು ಹಿಡಿದು ಕೂತಿದ್ದೆ ಅಷ್ಟೇ. ಮನಸ್ಸು ಎಂಟು ವರ್ಷದ ಹಿಂದಿನ ಒಂದು ಮಳೆಗಾಲಕ್ಕೆ ಹೋಗಿಬಿಟ್ಟಿತ್ತು.

ಅಮೆರಿಕದ ಈ ಮೂಲೆಯಲ್ಲಿ ಮಳೆಗಾಲ ಶುರುವಾಗುವುದು ಅಕ್ಟೋಬರಿನಲ್ಲಿ. ನಮ್ಮ ಗದಗಿನ ಮಳೆ ಬಂದರೆ ಬಡಿದು, ಗುಡುಗಿ, ಗಟಾರ ತುಂಬಿಸಿ ಹೋಗುತ್ತದೆ. ಈ ಊರಿನದು ಹಾಗಲ್ಲ. ಹೇಳಿಕೊಳ್ಳುವಷ್ಟು ಜೋರೂ ಇಲ್ಲ, ನಿಲ್ಲುವುದೂ ಇಲ್ಲ. ಜಿಟಿಜಿಟಿ ಅಂತ ದಿನಗಟ್ಟಲೆ. ನವೆಂಬರ್ ಬಂತೆಂದರೆ ಸಂಜೆ ನಾಲ್ಕೂವರೆಗೇ ದೀಪ ಹಚ್ಚಬೇಕು. ಅಂಥ ಮಬ್ಬಿನಲ್ಲಿ ಮನುಷ್ಯರಿಗೆ ಮನುಷ್ಯರು ಬೇಕು ಅನಿಸುವುದು ಸಹಜ. ಆ ವರ್ಷ ಬಾಥೆಲ್ ಊರಿನ ಸುತ್ತಮುತ್ತಲಿನ ಕನ್ನಡದವರಿಗೆ ನಮ್ಮದೇ ಒಂದು ಸಣ್ಣ ಸಂಘ ಕಟ್ಟಬೇಕು ಅನಿಸಿದ್ದೂ ಅದಕ್ಕೇ ಇರಬೇಕು.

ಏಳು ಜನರ ಸಮಿತಿಯಾಯಿತು. ಪ್ರತಿ ಭಾನುವಾರ ಎರಡು ಗಂಟೆಗೆ ಆ ಕ್ಲಬ್‌ಹೌಸಿನಲ್ಲಿ ಸಭೆ. ನವೆಂಬರಿನಲ್ಲಿ ರಾಜ್ಯೋತ್ಸವದ ಊಟ ಹಾಕಿಸಿ ಸಂಘದ ಉದ್ಘಾಟನೆ ಮಾಡುವುದು, ಅಷ್ಟರೊಳಗೆ ನಿಯಮಾವಳಿ ಬರೆದು ಮುಗಿಸುವುದು ಎಂದು ತೀರ್ಮಾನ. ಕನ್ನಡದಲ್ಲಿ ತಪ್ಪಿಲ್ಲದೆ ಬರೆಯುತ್ತೇನೆ ಎಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಕಾರ್ಯದರ್ಶಿ ಮಾಡಿದರು. ನಾನೋ, ‘ತಕ್ಕದ್ದು’, ‘ತಕ್ಕದ್ದಲ್ಲ’ ಅಂತ ಬರೆಯುವಾಗ ದೇಶವನ್ನೇ ಕಟ್ಟುತ್ತಿದ್ದೇನೆ ಅನ್ನುವ ಗತ್ತಿನಲ್ಲಿದ್ದೆ.

ಸಮಿತಿಯ ಹಿರಿಯರು ಶ್ರೀಪಾದಣ್ಣ. ಮೈಸೂರಿನವರು, ಆಗ ಅರವತ್ತು ದಾಟಿತ್ತು. ಅವರ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನ್ನ ಮಗಳು ಗೌರಿ ಹುಟ್ಟಿದ ದಿನ ಮೊಣಕಾಲುದ್ದ ಹಿಮ ಬಿದ್ದಿತ್ತು, ಗಂಡ ಊರಲ್ಲಿರಲಿಲ್ಲ. ಟೈರಿಗೆ ಸರಪಳಿ ಕಟ್ಟಿಕೊಂಡು ಬಂದು, ದಾರಿಯುದ್ದಕ್ಕೂ ವಿಷ್ಣು ಸಹಸ್ರನಾಮ ಹೇಳುತ್ತ ನನ್ನನ್ನು ಆಸ್ಪತ್ರೆಗೆ ಮುಟ್ಟಿಸಿದವರು ಅವರು. ನಾನು ನೋವಿಗೆ ಕಿರುಚಿದಾಗಲೆಲ್ಲ ಅವರ ಸಹಸ್ರನಾಮದ ದನಿಯೂ ಏರುತ್ತಿತ್ತು. ಹೊಸದಾಗಿ ಬಂದ ಎಷ್ಟು ಸಂಸಾರಕ್ಕೆ ಅವರು ಮನೆ ಹುಡುಕಿಕೊಟ್ಟಿದ್ದಾರೋ, ಎಷ್ಟು ಹೆಣ್ಣುಮಕ್ಕಳಿಗೆ ಕಾರು ಕಲಿಸಿದ್ದಾರೋ ಅವರಿಗೇ ಗೊತ್ತಿಲ್ಲ.

ಇನ್ನು ರೇಣುಕಾ. ಮುಂಡರಗಿಯ ಕಡೆಯವಳು, ದಲಿತರ ಮನೆಯ ಹೆಣ್ಣುಮಗಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಎವರೆಟ್ಟಿನ ವಿಮಾನದ ಕಾರ್ಖಾನೆಯಲ್ಲಿ ನಾನು ರೆಕ್ಕೆಗಳ ತಪಾಸಣೆ ವಿಭಾಗದಲ್ಲಿದ್ದರೆ ಅವಳು ಅಲ್ಲೇ ಎರಡು ಶೆಡ್ಡಿನ ಆಚೆ ಎಂಜಿನಿಯರು. ಆರಕ್ಕೆ ಕೆಲಸ ಶುರು. ಒಂದು ವಾರ ನನ್ನ ಕಾರು, ಒಂದು ವಾರ ಅವಳದು. ಬೆಳಗಿನ ಐದಕ್ಕೆ ಮಳೆಯಲ್ಲಿ ಹೊರಟು, ಮುಂದಿನ ಟ್ರಕ್ಕು ಎರಚುವ ನೀರನ್ನು ಇಬ್ಬರೂ ಗದಗಿನ ಭಾಷೆಯಲ್ಲಿ ಬೈಯುತ್ತ ಹೋಗುವುದಿತ್ತಲ್ಲ, ಅಷ್ಟು ಸುಖ ನನಗೆ ಈ ದೇಶದಲ್ಲಿ ಇನ್ನೆಲ್ಲೂ ಸಿಕ್ಕಿಲ್ಲ. ಮನೆಯಲ್ಲಿ ಗಂಡ ತುಮಕೂರಿನವನು, ಮಗಳು ಇಂಗ್ಲಿಷಿನವಳು. ನನ್ನ ಬಾಯಿಯ ರುಚಿಯ ಮಾತು ಉಳಿದದ್ದು ಆ ಕಾರಿನಲ್ಲಿ.

ಸಂಘದ ಸುದ್ದಿ ಹೇಳಿದ ದಿನವೇ ರೇಣುಕಾ ಸ್ಟೇರಿಂಗ್ ತಟ್ಟಿ, “ಹೋಳಿಗಿ ನಂದು!” ಅಂದಳು. “ಶೇಂಗಾ ಹೋಳಿಗಿ. ಎಷ್ಟ ಮಂದಿ ಬರ್ತಾರ ಹೇಳ್ರಿ ವಿಜಯಕ್ಕಾ, ಅಷ್ಟೂ ಮಂದಿಗೆ ನಾ ಒಬ್ಬಾಕಿನ ಮಾಡ್ತೀನಿ.”

“ನೂರಿಪ್ಪತ್ತು ಮಂದಿ ಅದಾರವಾ. ಸೊಂಟ ಬೀಳ್ತೈತಿ.”

“ಬೀಳ್ಲಿ ಬಿಡ್ರಿ.” ಮುಂದಿನ ಟ್ರಕ್ಕನ್ನು ಹಿಂದೆ ಹಾಕಿದಳು. ಆಮೇಲೆ, “ಊರಾಗ ಪಂಚಮಿಗೆ ಎಲ್ಲಾರ ಮನಿಯಿಂದ ನಮಗ ಉಂಡಿ, ಹೋಳಿಗಿ ಬರ್ತಿದ್ವು. ನಮ್ಮವ್ವ ಮಾಡಿದ್ದು ಯಾರ ಮನಿಗೂ ಹೋಗ್ತಿರಲಿಲ್ಲ. ಅವ್ವ ಹಂಗ ಮಾಡಾಕಿ ಸುತ್ತ ಹತ್ತೂರಾಗ ಇರಲಿಲ್ಲರಿ. ನಾವ ತಿನ್ನೋದು, ಉಳದದ್ದನ್ನ ಮತ್ತ ನಾವ ತಿನ್ನೋದು. ಈಗ ನೂರಿಪ್ಪತ್ತು ಮಂದಿ ಉಣ್ಣೂ ಮುಂದ ಅವ್ವಗ ವಿಡಿಯೋ ಕಾಲ್ ಹಚ್ತೀನಿ. ನೋಡ್ಲಿ ಆಕಿ,” ಅಂದಳು.

ಆ ರಾತ್ರಿಯೇ ಅವ್ವನಿಗೆ ಹೇಳಿಯೂ ಬಿಟ್ಟಳಂತೆ. ಅವ್ವ ಮೈದಾ ಎಷ್ಟು, ಕಣಕ ಎಷ್ಟು ಹೊತ್ತು ನೆನೆಯಬೇಕು ಅಂತ ದಿನಾ ಫೋನಿನಲ್ಲಿ ಪಾಠ ಶುರು ಮಾಡಿದಳು. ನಾನೂ ಖುಷಿಯಾಗಿದ್ದೆ, ಸುಳ್ಳು ಹೇಳುವುದಿಲ್ಲ.

ಅಕ್ಟೋಬರಿನ ಮೂರನೇ ಭಾನುವಾರ ಊಟದ ಪಟ್ಟಿಯ ವಿಚಾರ ಬಂತು. ನಾನು ಹೋಳಿಗೆಯ ಮುಂದೆ ರೇಣುಕಾಳ ಹೆಸರು ಓದಿದೆ. ಒಬ್ಬರು ಕಾಫಿ ಬಗ್ಗಿಸಿಕೊಳ್ಳಲು ಎದ್ದರು, ಒಬ್ಬರು ಫೋನು ನೋಡಿದರು. ಕೊನೆಗೆ ಶ್ರೀಪಾದಣ್ಣ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, “ವಿಜಯಾ, ನನ್ನ ತಾಯಿ ಬಂದಿದಾರೆ. ಎಂಬತ್ತೆರಡು ವರ್ಷ. ಅಡುಗೆ ಯಾರು ಮಾಡಿದ್ದು ಅಂತ ಕೇಳ್ತಾರೆ. ನಾನು ಸುಳ್ಳು ಹೇಳಲ್ಲಮ್ಮ,” ಅಂದರು. “ಕೋಪ ಏನಿಲ್ಲ. ಅಡುಗೆ ನಮ್ಮ ಕಡೆಯವರು ಮಾಡೋ ಹಾಗಿದ್ರೆ ನಾವು ನಾಲ್ಕು ಮನೆಯವರು ಇರ್ತೀವಿ. ಇಲ್ಲಾಂದ್ರೆ ನೀವೇ ಮಾಡ್ಕೊಳ್ಳಿ, ದೂರದಿಂದ ಹರಸ್ತೀವಿ.”

ಈ ಹೊತ್ತಿಗೆ ನೆನೆದರೆ ನಗು ಬರುತ್ತದೆ, ಸಿಟ್ಟೂ ಬರುತ್ತದೆ. ಸಭೆ ಮುಗಿದ ಮೇಲೆ ನಾವೆಲ್ಲ ಅಲ್ಲೇ ಪಕ್ಕದ ಮೆಕ್ಸಿಕನ್ ಅಂಗಡಿಗೆ ಹೋಗಿ ಅನ್ನ, ಬೀನ್ಸ್ ಕಾಳು, ಚೀಸು ಸುತ್ತಿದ ರೊಟ್ಟಿ ತಿನ್ನುತ್ತಿದ್ದೆವು. ಶ್ರೀಪಾದಣ್ಣನೂ ತಿನ್ನುತ್ತಿದ್ದರು. ಅಲ್ಲಿ ಒಲೆಯ ಮುಂದೆ ಯಾರಿದ್ದಾರೆ ಅಂತ ಯಾವ ತಾಯಿಯೂ ಕೇಳಿದ್ದಿಲ್ಲ. ಇದನ್ನು ನಾನು ಆಗಲೇ ಹೇಳಬಹುದಿತ್ತು. ಬಾಯಿ ಇತ್ತಲ್ಲ ನನಗೆ! ಆದರೆ ಅವತ್ತು ನನಗೆ ಕಂಡದ್ದು ಒಂದೇ, ಸಂಘ ಹುಟ್ಟುವ ಮೊದಲೇ ಒಡೆಯುತ್ತದೆ.

ನಮ್ಮ ಮನೆತನದ ಜಾತಿ ಶ್ರೀಪಾದಣ್ಣನದೂ ಅಲ್ಲ, ರೇಣುಕಾಳದೂ ಅಲ್ಲ. ನಡುವಿನವರು. ನಡುವಿನವರಿಗೆ ರಾಜಿ ಮಾಡಿಸುವುದೆಂದರೆ ಬಲು ಇಷ್ಟ, ಯಾಕೆಂದರೆ ರಾಜಿಯಲ್ಲಿ ನಮ್ಮದೇನೂ ಹೋಗುವುದಿಲ್ಲ. ನಾನು ಪೆನ್ನು ತೆಗೆದುಕೊಂಡು ಹತ್ತು ನಿಮಿಷದಲ್ಲಿ ಒಂಬತ್ತನೇ ನಿಯಮ ಬರೆದೆ: “ಸಂಘದ ಹಬ್ಬದ ಊಟವನ್ನು ಅಡುಗೆ ಸಮಿತಿಯು ಸಂಪ್ರದಾಯದಂತೆ ಸಿದ್ಧಪಡಿಸತಕ್ಕದ್ದು. ಇತರ ಸದಸ್ಯರು ಹೊರಗಿನಿಂದ ಕೊಂಡ ಪದಾರ್ಥಗಳನ್ನು ತರತಕ್ಕದ್ದು.” ಅಡುಗೆ ಸಮಿತಿಗೆ ಆ ನಾಲ್ಕು ಮನೆಯ ಹೆಂಗಸರು. ಶ್ರೀಪಾದಣ್ಣ ಇನ್ನೊಂದು ಸಾಲು ಸೇರಿಸಲು ಹೇಳಿದರು: “ಈ ನಿಯಮವನ್ನು ಐದು ವರ್ಷ ಚರ್ಚೆಗೆ ತರತಕ್ಕದ್ದಲ್ಲ.” ಅದನ್ನೂ ಬರೆದೆ. ಜಾತಿ ಅಂತ ಎಲ್ಲೂ ಇಲ್ಲ, ಯಾರ ಹೆಸರೂ ಇಲ್ಲ, ಯಾರಿಗೂ ನೋವಾಗುವ ಒಂದು ಅಕ್ಷರವಿಲ್ಲ. ಎಲ್ಲರೂ ನನ್ನನ್ನು ಹೊಗಳಿದರು. ಮನೆಗೆ ಹೋಗುವಾಗ ಕಾರಿನಲ್ಲಿ ಹಾಡು ಗುನುಗುತ್ತಿದ್ದೆ, ನಾಚಿಕೆಗೆಟ್ಟವಳು.

ರೇಣುಕಾಳ ಹೆಸರು ಈಗ ಪೇಪರ್ ತಟ್ಟೆ, ಬಾಳೆಹಣ್ಣು, ನೀರಿನ ಬಾಟಲಿಗಳ ಮುಂದೆ ಬಂತು. ಮರುದಿನ ಬೆಳಿಗ್ಗೆ ಕಾರಿನಲ್ಲಿ ಅವಳಿಗೆ, “ಕ್ಲಬ್‌ಹೌಸಿನವರು ಮನ್ಯಾಗ ಮಾಡಿದ್ದು ತರಬ್ಯಾಡ್ರಿ ಅಂದಾರ. ಈ ದೇಶದ ರೂಲ್ಸು, ಏನ್ ಮಾಡೂದು,” ಅಂದೆ.

“ಹೌದೇನ್ರಿ?” ಅಂದಳು. ಸಿಗ್ನಲ್ ಹಸಿರಾಯಿತು. “ಆಯ್ತು ಬಿಡ್ರಿ.”

ಆ ವಾರವೇ ಗೌರಿಯ ಶಾಲೆಯ ಕೆಲಸ ಬಂತು. ಅವಳಾಗ ಎಂಟನೇ ತರಗತಿ. ಅಮೆರಿಕದ ಸಂವಿಧಾನ ಬರೆದ ಸಭೆಯನ್ನು ಮಕ್ಕಳು ತರಗತಿಯಲ್ಲಿ ಆಡಿ ತೋರಿಸಬೇಕು. ಗೌರಿಗೆ ಉತ್ತರದ ಒಂದು ರಾಜ್ಯದ ಪ್ರತಿನಿಧಿಯ ಪಾತ್ರ. ಅವನಿಗೆ ಗುಲಾಮಗಿರಿ ತಪ್ಪು ಅಂತ ಗೊತ್ತು, ಆದರೂ ಒಪ್ಪಂದಕ್ಕೆ ಕೈ ಎತ್ತುತ್ತಾನೆ. ಯಾಕೆ ಎತ್ತಿದೆ ಅಂತ ಅವನು ಎರಡು ನಿಮಿಷ ಭಾಷಣ ಮಾಡಬೇಕು. ಭಾಷಣ ಬರೆಯುವ ಕೆಲಸ ಗೌರಿಯದು.

ಅಡುಗೆ ಮನೆಯ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ನನಗೆ ಓದಿ ಹೇಳಿದಳು. ನಾನು ಪೌರತ್ವದ ಪರೀಕ್ಷೆಗೆ ನೂರು ಪ್ರಶ್ನೆ ಬಾಯಿಪಾಠ ಮಾಡಿ ಪಾಸಾದವಳು. ಗುಲಾಮರನ್ನಾಗಿ ಮಾಡಿ ಈ ದೇಶಕ್ಕೆ ತಂದು ಮಾರಿದ್ದು ಯಾರನ್ನು ಅನ್ನುವುದಕ್ಕೆ ಒಂದೇ ಶಬ್ದದ ಉತ್ತರ. ಅಷ್ಟು ಹೇಳಿ ಮುಂದಿನ ಪ್ರಶ್ನೆಗೆ ಹೋಗಿದ್ದೆ. ಒಳಗಿನ ಕಥೆ ನನಗೆ ಗೊತ್ತಾದದ್ದು ಆ ಸಂಜೆ. ಬೇಸಿಗೆಯ ಸೆಕೆಯಲ್ಲಿ ಕಿಟಕಿ ಮುಚ್ಚಿಕೊಂಡು, ಗುಟ್ಟಾಗಿ ತಿಂಗಳುಗಟ್ಟಲೆ ಕೂತು ಬರೆದರಂತೆ. ಪ್ರತಿ ರಾಜ್ಯಕ್ಕೆ ಜನಸಂಖ್ಯೆಯ ಪ್ರಕಾರ ಸಂಸತ್ತಿನಲ್ಲಿ ಸ್ಥಾನ. ದಕ್ಷಿಣದವರು ತಮ್ಮ ಹೊಲದಲ್ಲಿ ದುಡಿಯುವ ಗುಲಾಮರನ್ನೂ ಜನ ಅಂತ ಎಣಿಸಿ ಅಂದರು, ಹೆಚ್ಚು ಸ್ಥಾನ ಸಿಗಲಿ ಅಂತ. ಆ ಗುಲಾಮರಿಗೆ ಓಟಿಲ್ಲ, ಮಾತಿಲ್ಲ, ತಮ್ಮ ಮಕ್ಕಳ ಮೇಲೂ ಹಕ್ಕಿಲ್ಲ. ಉತ್ತರದವರು ಮುನಿದರು. ಕೊನೆಗೆ ರಾಜಿಯಾಯಿತು: ಐದು ಗುಲಾಮರನ್ನು ಮೂರು ಜನ ಅಂತ ಎಣಿಸುವುದು. ಹೊರಗಿನಿಂದ ಹೊಸ ಗುಲಾಮರನ್ನು ತರುವುದನ್ನು ಇಪ್ಪತ್ತು ವರ್ಷ ಯಾರೂ ನಿಷೇಧಿಸಬಾರದು. ಓಡಿಹೋದವರನ್ನು ಹಿಡಿದು ಒಡೆಯನಿಗೆ ಒಪ್ಪಿಸಬೇಕು.

“ಅಮ್ಮಾ, ಅವನಿಗೆ ಗೊತ್ತು. ತಪ್ಪು ಅಂತ ಅವನೇ ಪತ್ರದಲ್ಲಿ ಬರೆದಿದಾನೆ. ಮತ್ತೆ ಯಾಕೆ ಯೆಸ್ ಅಂದ?” ಗೌರಿ ಕೇಳಿದ್ದು ಇಂಗ್ಲಿಷಿನಲ್ಲಿ, ನಾನು ಹೇಳುತ್ತಿರುವುದು ಕನ್ನಡದಲ್ಲಿ.

ಅಯ್ಯೋ, ಇದಕ್ಕೆ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು! ಹಿಟ್ಟಿನ ಕೈಯಲ್ಲೇ ನಿಂತು ಶುರು ಮಾಡಿದೆ. “ಬರ್ಕೋ. ಮಹನೀಯರೇ, ಮೊದಲು ನಾಡು ಹುಟ್ಟಲಿ. ಹುಟ್ಟದ ಕೂಸಿಗೆ ಯಾರೂ ನಡತೆ ಕಲಿಸಲಾರರು. ಇಂದು ಒಂದು ಮಾತಿಗೆ ಹಟ ಹಿಡಿದು ನಾವು ಎದ್ದುಹೋದರೆ, ನಾಳೆ ತಿದ್ದೋಣವೆಂದರೆ ನಾಡೇ ಇರುವುದಿಲ್ಲ. ಸ್ವಲ್ಪ ತಾಳೋಣ. ಕಾಲವೇ ಎಲ್ಲವನ್ನೂ ಸರಿಮಾಡುತ್ತದೆ.”

ಗೌರಿ ಅದನ್ನು ಇಂಗ್ಲಿಷಿಗೆ ತಿರುಗಿಸಿಕೊಂಡು ಬರೆದಳು. “ವಾವ್ ಅಮ್ಮಾ, ಇದು ನಿನಗೆ ಹೇಗೆ ಹೊಳೀತು?” ಅಂದಳು. ನಾನು ಚಪಾತಿ ಲಟ್ಟಿಸುತ್ತ ಹಿಗ್ಗಿದೆ.

ಆಟ ನೋಡಲು ತಾಯಿತಂದೆಯರನ್ನು ಕರೆದಿದ್ದರು. ನವೆಂಬರಿನ ಮೊದಲ ವಾರ, ಮಧ್ಯಾಹ್ನ ಒಂದಕ್ಕೆ. ಆ ವಾರ ಕಾರು ರೇಣುಕಾಳದು, ನನ್ನ ಸಲುವಾಗಿ ಅವಳೂ ಅರ್ಧ ದಿನ ರಜೆ ಹಾಕಿದಳು. “ಗೌರಿ ಭಾಷಣಾ ಮಾಡ್ತಾಳಂದ್ರ ನಾ ಬರದ ಇರ್ತೀನೇನ್ರಿ?” ಅಂತ ನನ್ನ ಜೊತೆ ಒಳಗೇ ಬಂದಳು. ಗೌರಿ ಸಣ್ಣವಳಿದ್ದಾಗಿಂದ ಅವಳ ಮಡಿಲಲ್ಲಿ ಆಡಿದವಳು.

ಟೀಚರಮ್ಮ ಅರವತ್ತರ ಹತ್ತಿರದ ಕಪ್ಪು ಹೆಂಗಸು, ಎತ್ತರದ ನಿಲುವು, ದನಿ ಮೃದು. ಮಕ್ಕಳ ಮೇಜುಗಳನ್ನು ದುಂಡಗೆ ಜೋಡಿಸಿದ್ದಳು. ಗೋಡೆಯ ಹತ್ತಿರ ಐದು ಖಾಲಿ ಕುರ್ಚಿ ಇದ್ದವು. ನನ್ನಂಥವರು ಒಬ್ಬಿಬ್ಬರು ಅವು ನಮಗೇ ಅಂತ ಕೂರಲು ಹೋದರೆ, ಬೇಡ, ಹಿಂದೆ ಕೂತುಕೊಳ್ಳಿ ಅಂತ ನಗುತ್ತ ಕಳಿಸಿದಳು.

ಗೌರಿ ಅಪ್ಪನ ಕರಿ ಕೋಟು ಹಾಕಿಕೊಂಡು ಎದ್ದು ನಿಂತಳು. ತೋಳು ಬೆರಳನ್ನೂ ಮುಚ್ಚಿತ್ತು. ಒಂದು ಶಬ್ದಕ್ಕೂ ತಡವರಿಸದೆ ನನ್ನ ಮಾತನ್ನೆಲ್ಲ ಹೇಳಿದಳು. ಮೊದಲು ನಾಡು ಹುಟ್ಟಲಿ. ಹುಟ್ಟದ ಕೂಸಿಗೆ ಯಾರೂ ನಡತೆ ಕಲಿಸಲಾರರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಕ್ಕಳು ಕೈ ಎತ್ತಿ ಮತ ಹಾಕಿದರು, ಒಪ್ಪಂದ ಪಾಸಾಯಿತು.

ಆಮೇಲೆ ಟೀಚರಮ್ಮ ಆ ಐದು ಕುರ್ಚಿಯ ಹತ್ತಿರ ಹೋಗಿ, ಇವು ಎಷ್ಟು ಅಂತ ಕೇಳಿದಳು. ಐದು ಅಂದವು ಮಕ್ಕಳು. ನೀವು ಈಗ ಪಾಸು ಮಾಡಿದ ಪ್ರಕಾರ ಎಷ್ಟು? ಮೂರು. ಇವರಲ್ಲಿ ಎಷ್ಟು ಜನ ಮತ ಹಾಕಿದರು? ಮಕ್ಕಳು ಆ ಖಾಲಿ ಕುರ್ಚಿಗಳ ಕಡೆ ನೋಡಿದವು. ನಮ್ಮ ವಂಶದ ಹಿರಿಯರು ಕೂತಿದ್ದು ಇಲ್ಲಿ, ಅಂತ ಅವಳು ಒಂದು ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟಳು. ಸಿಟ್ಟಿಲ್ಲದೆ, ವಿಳಾಸ ಹೇಳುವ ಹಾಗೆ ಹೇಳಿದಳು. ಆಮೇಲೆ ಸಂವಿಧಾನದ ಹಾಳೆಗಳನ್ನು ಹಂಚಿ, ಇದರಲ್ಲಿ ‘ಗುಲಾಮ’ ಅನ್ನುವ ಶಬ್ದ ಅವರು ಎಲ್ಲಿ ಬರೆದಿದ್ದಾರೆ ಹುಡುಕಿ ಅಂದಳು. ಮಕ್ಕಳು ಹುಡುಕಿಯೇ ಹುಡುಕಿದವು. ಇಲ್ಲ. ಹಾಗಾದರೆ ಅವರನ್ನು ಏನಂತ ಬರೆದಿದ್ದಾರೆ?

ಕೈ ಎತ್ತಿದವಳು ಗೌರಿಯೇ. “ಇತರ ವ್ಯಕ್ತಿಗಳು,” ಅಂದಳು.

ನನಗೆ ನನ್ನ ಒಂಬತ್ತನೇ ನಿಯಮ ನೆನಪಾಯಿತು. ಅದೂ ಇದೂ ಒಂದೇ ಅಂತ ನಾನು ಹೇಳುವುದಿಲ್ಲ, ಹೇಳಬಾರದು. ಅಲ್ಲಿ ಮನುಷ್ಯರನ್ನು ಕಟ್ಟೆಯ ಮೇಲೆ ನಿಲ್ಲಿಸಿ ಮಾರಿದ್ದರು, ತಾಯಿಯಿಂದ ಕೂಸನ್ನು ಕಿತ್ತಿದ್ದರು. ನಮ್ಮದು ಒಂದು ಊಟದ ಪಟ್ಟಿ. ಆದರೆ ಆ ನಯವಾದ ಕೈಬರಹ ಇತ್ತಲ್ಲ, ಹೇಳಬೇಕಾದ್ದನ್ನು ಹೇಳದೆ ಕೆಲಸ ಮಾತ್ರ ಮುಗಿಸುವ ಆ ಜಾಣತನ, ಅದು ನನ್ನದೇ ಆಗಿತ್ತು. ‘ಇತರ ಸದಸ್ಯರು’ ಅಂತ ಬರೆದ ಹೆಂಗಸು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಪಕ್ಕದಲ್ಲೇ ಆ ಇತರ ಸದಸ್ಯೆ, ನನ್ನ ಮಗಳಿಗೆ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟುತ್ತಿದ್ದಳು.

ಗೌರಿ ಇನ್ನೊಂದು ತರಗತಿಗೆ ಹೋದಳು. ನಾವಿಬ್ಬರೂ ಬಂದು ಕಾರಿನಲ್ಲಿ ಕೂತೆವು. ರೇಣುಕಾ ಕಾರು ಶುರು ಮಾಡಲಿಲ್ಲ. ಗಾಜಿನ ಮೇಲೆ ಮಳೆ ಇಳಿಯುತ್ತಿತ್ತು.

“ಛಲೋ ಬರದೀರಿ ವಿಜಯಕ್ಕಾ.”

“ಗೌರಿ ಬರದಾಳ.”

“ಹುಟ್ಟದ ಕೂಸಿಗೆ ನಡತಿ ಕಲಸೂದು, ಅದು ಹದಿಮೂರು ವರ್ಷದ ಹುಡುಗಿ ಮಾತಲ್ಲ ಬಿಡ್ರಿ.” ಕಾರಿನ ಕೀಲಿಯನ್ನು ಬೆರಳಲ್ಲಿ ತಿರುವುತ್ತ, “ಕ್ಲಬ್‌ಹೌಸಿನವರು ಮನ್ಯಾಗ ಮಾಡಿದ್ದು ಬ್ಯಾಡ ಅಂದಿಲ್ಲ. ನಾ ಫೋನ್ ಮಾಡಿದ್ದೆ. ಅವರಿಗೆ ಒಂದ ಮಾತ ಕೇಳಿ ನೋಡೂಣು ಅಂತ,” ಅಂದಳು.

“ಯಾವಾಗ?”

“ನೀವು ಹೇಳಿದ್ರಲ್ಲಾ, ಅದರ ಮರುದಿನ.”

ಎರಡು ವಾರಕ್ಕೂ ಹೆಚ್ಚಾಗಿತ್ತು. ಅಷ್ಟೂ ದಿನ ಅವಳು ನನ್ನ ಪಕ್ಕ ಕೂತು ಎವರೆಟ್ಟಿಗೆ ಹೋಗಿ ಬಂದಿದ್ದಳು. ಟ್ರಕ್ಕಿನವರನ್ನು ಬೈದಿದ್ದಳು, ನನ್ನ ನೆಗಡಿಗೆ ಶುಂಠಿ ಕಷಾಯ ತಂದುಕೊಟ್ಟಿದ್ದಳು. ನನಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಎಲ್ಲಾ ಹೇಳಿದೆ, ಒಂಬತ್ತನೇ ನಿಯಮ, ಐದು ವರ್ಷ, ಅದನ್ನು ಬರೆದವಳು ನಾನೇ ಎಂಬುದು. “ನನಗ್ಯಾಕ ಬೈಲಿಲ್ಲ ನೀ?” ಅಂದೆ. ತಪ್ಪು ಮಾಡಿದವಳು ನಾನು, ಕೇಳುವುದೂ ನಾನೇ!

“ನಿಮ್ಮ ಜೋಡಿ ಜಗಳಾಡಿದ್ರ ದಿನಾ ಮುಂಜಾನೆ ಯಾರ ಜೋಡಿ ಮಾತಾಡ್ಲಿ?” ಅಂತ ನಕ್ಕಳು. ಆಮೇಲೆ ನಗು ಹೋಯಿತು. “ಅವ್ವ ಬೆಲ್ಲದ ಪಾಠ ಮುಗಸಿ ಯಾಲಕ್ಕಿಗೆ ಬಂದಾಳ. ಆಕಿಗೆ ಏನ್ ಹೇಳ್ಲಿ ಅನ್ನೂದಷ್ಟ ತಿಳೀವಲ್ದು.”

ಬಂದ ಭಾನುವಾರ ನಿಯಮಾವಳಿಗೆ ಸಹಿ ಹಾಕುವ ದಿನ. ನಾನು ಎದ್ದು ನಿಂತು, ಒಂಬತ್ತನೇ ನಿಯಮ ತೆಗೆಯಬೇಕು ಅಂದೆ. ಮೆಕ್ಸಿಕನ್ ಅಂಗಡಿಯ ಮಾತನ್ನೂ ಆಡಿದೆ, ಆಡಬಾರದ ಇನ್ನೂ ನಾಲ್ಕು ಮಾತು ಆಡಿದೆ.

ಶ್ರೀಪಾದಣ್ಣ ಕೂಗಾಡಲಿಲ್ಲ. “ಬರೆದದ್ದು ನೀನೇ ಅಲ್ವೇನಮ್ಮ?” ಅಂದರು.

“ಹೌದಣ್ಣಾ. ಅದಕ್ಕೇ ನಾನೇ ಹೊಡೆದು ಹಾಕ್ತೀನಿ.”

“ಸಂಘ ಒಡೆಯುತ್ತೆ, ವಿಜಯಾ.”

“ಒಡೀಲಿ ಅಣ್ಣಾ.”

ಕೈ ಎತ್ತಿಸಿದರು. ನಾಲ್ಕು ನನ್ನ ಕಡೆ, ಮೂರು ಆ ಕಡೆ. ಶ್ರೀಪಾದಣ್ಣ ನಿಧಾನಕ್ಕೆ ಎದ್ದು, ರೇನ್‌ಕೋಟು ಹಾಕಿಕೊಂಡು, ತಮ್ಮ ಹತ್ತಿರವಿದ್ದ ಕ್ಲಬ್‌ಹೌಸಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟರು. ಅವರ ಹಿಂದೆ ಇನ್ನಿಬ್ಬರು ಎದ್ದರು. ಬಾಗಿಲಿನ ಹತ್ತಿರ ನಿಂತು, “ಗೌರಿ ಭಾಷಣ ಹೇಗಾಯ್ತು?” ಅಂತ ಕೇಳಿದರು.

“ಚೆನ್ನಾಗಾಯ್ತಣ್ಣಾ.”

“ನನಗೊಂದು ವಿಡಿಯೋ ಕಳಿಸು,” ಅಂದು ಮಳೆಗೆ ಇಳಿದುಹೋದರು. ಇಂಥವರ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ ಹೇಳಿ? ಮಾಡದಿರುವುದಾದರೂ ಹೇಗೆ?

ನಾನು ಅಲ್ಲಿಂದ ನೇರ ಬಾಥೆಲ್ಲಿನ ರೇಣುಕಾಳ ಮನೆಗೆ ಹೋದೆ. ಗೆದ್ದು ಬಂದವಳ ಹಾಗೆ ಬಾಗಿಲಲ್ಲೇ, “ನಿಯಮ ಹೋತು! ಹೋಳಿಗಿ ನಿಂದ!” ಅಂದೆ. ಅವಳು ನನ್ನನ್ನು ಒಳಗೆ ಕೂರಿಸಿ ಚಹಾ ಕೊಟ್ಟಳು. ಎದುರಿಗೆ ಕೂತಳು.

“ಎಷ್ಟ ಮಂದಿ ಇದ್ರಿ ಅಲ್ಲೆ?”

“ಏಳು. ನಾಲ್ಕ ಮಂದಿ ನಮ್ಮ ಕಡೆ.”

“ನಾಲ್ಕ ಮಂದಿ ಹೂಂ ಅಂದ್ರು, ಮೂರ ಮಂದಿ ಒಲ್ಲೆ ಅಂದ್ರು. ನಾ ಅಡಗಿ ಮಾಡಬೇಕೋ ಬ್ಯಾಡೋ ಅನ್ನೂದಕ್ಕ.”

“ಹೌದು...”

“ನನ್ನ ಯಾಕ ಕರೀಲಿಲ್ರಿ?”

ಚಹಾದ ಲೋಟ ಕೆಳಗಿಟ್ಟೆ. ನಿಯಮ ಬರೆದ ದಿನವೂ ಅವಳನ್ನು ಕರೆದಿರಲಿಲ್ಲ, ಅಳಿಸಿದ ದಿನವೂ ಕರೆದಿರಲಿಲ್ಲ. ಮರೆತೆ ಅನ್ನಲೂ ಬರುವಂತಿಲ್ಲ, ಯಾಕೆಂದರೆ ಆ ವಿಚಾರ ನನ್ನ ತಲೆಗೇ ಬಂದಿರಲಿಲ್ಲ. ಆ ಐದು ಕುರ್ಚಿ ನೋಡಿ ಅತ್ತು ಬಂದ ಮೇಲೂ ಬಂದಿರಲಿಲ್ಲ. ಅವಳ ಸಲುವಾಗಿ ಹೊಡೆದಾಡಿದೆ ಅಂತ ಹೆಮ್ಮೆ ಮಾತ್ರ ಹೊತ್ತುಕೊಂಡು ಬಂದಿದ್ದೆ.

“ನನಗ ಸಿಟ್ಟಿಲ್ಲರಿ,” ಅಂದಳು ರೇಣುಕಾ. “ಆದ್ರ ಈ ಸಲ ಹೋಳಿಗಿ ನಾ ಮಾಡೂದಿಲ್ಲ. ಊಟಕ್ಕ ಬರ್ತೀನಿ. ನೀವ ಮಾಡ್ರಿ, ನೀವ ಬಡಸ್ರಿ.”

ಹೋಳಿಗೆ ಮಾಡುವುದು ನನಗೆ ಬರುವುದಿಲ್ಲ. ಗದಗಿನವಳು ಅಂತ ಹೇಳಿಕೊಳ್ಳಲು ನಾಚಿಕೆ. ಎರಡು ದಿನ ಗಂಡ ಶೇಂಗಾ ಹುರಿದ, ಗೌರಿ ಸಿಪ್ಪೆ ಊದಿದಳು, ಮನೆಯ ತುಂಬಾ ಸಿಪ್ಪೆ ಹಾರಾಡಿತು. ನಾನು ಲಟ್ಟಿಸಿದ್ದರಲ್ಲಿ ಅರ್ಧ ಹರಿದವು. ಎಂಬತ್ತು ಜನ ಬಂದರು. ಅವತ್ತು ಶ್ರೀಪಾದಣ್ಣನ ಹಿಂದೆ ಎದ್ದುಹೋದ ಇಬ್ಬರ ಮನೆಯವರು ಬರಲ್ಲ ಅಂದದ್ದು ಅಂದದ್ದೇ, ಇವತ್ತಿಗೂ ಬಂದಿಲ್ಲ. ಶ್ರೀಪಾದಣ್ಣ ತಾಯಿಯನ್ನು ಬಿಟ್ಟು ಒಬ್ಬರೇ ಬಂದರು. ಊಟಕ್ಕೆ ಕೂರಲಿಲ್ಲ. ಪಂಚೆ ಎತ್ತಿಕಟ್ಟಿ ಎಲ್ಲರಿಗೂ ನೀರು ಬಡಿಸಿದರು. ಈಗಲೂ ನನ್ನ ಕಾರು ಕೆಟ್ಟರೆ ಮೊದಲು ಬರುವವರು ಅವರೇ, ಈಗಲೂ ರೇಣುಕಾಳ ಮನೆಯಲ್ಲಿ ಒಂದು ಲೋಟ ನೀರು ಕುಡಿದವರಲ್ಲ. ಎರಡೂ ನಿಜ. ಏನು ಮಾಡಲಿ, ಎರಡನ್ನೂ ಬರೆಯಲೇಬೇಕು.

ರೇಣುಕಾ ಹಸಿರು ಇಳಕಲ್ ಸೀರೆ ಉಟ್ಟು, ಮೊದಲ ಸಾಲಿನ ನಟ್ಟನಡುವೆ, ಗೌರಿಯ ಪಕ್ಕ ಕೂತಿದ್ದಳು. ನಾನು ಬುಟ್ಟಿ ಹಿಡಿದು ಬಂದೆ. ಹರಿಯದ ಒಂದನ್ನು ಆರಿಸಿ ಅವಳ ತಟ್ಟೆಗೆ ಹಾಕಿ, ಮೇಲೆ ತುಪ್ಪ ಬಿಟ್ಟೆ. ಅವಳು ಮುರಿದು ಬಾಯಿಗಿಟ್ಟು, ಪರೀಕ್ಷೆಯ ಪೇಪರು ತಿದ್ದುವವರ ಹಾಗೆ ನಿಧಾನಕ್ಕೆ ಅಗಿದಳು. ನಾನು ಮುಂದಿನ ತಟ್ಟೆಗೆ ಹೋಗಲಾರದೆ ಅಲ್ಲೇ ನಿಂತಿದ್ದೆ.

“ಹೂರಣ ಗಟ್ಟಿ ಆಗೇತ್ರಿ,” ಅಂದಳು. “ಬೆಲ್ಲಾನೂ ಕಡಿಮಿ. ಬರೂ ವರ್ಷ ನಾ ಮಾಡ್ತೀನಿ.”

ನಾನು ಬುಟ್ಟಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡೆ. “ಅವ್ವಗ ವಿಡಿಯೋ ಹಚ್ಚಿ ತೋರಸ್ತೀಯಿಲ್ಲೋ?”

“ಅದು ಆಮ್ಯಾಲಿನ ಮಾತು. ಮೊದಲ ಮೀಟಿಂಗ್ ಎಂದೈತಿ, ಅದನ್ನ ಹೇಳ್ರಿ.”

“ಭಾನುವಾರ. ಎರಡಕ್ಕ.”

“ಬರ್ತೀನಿ,” ಅಂದಳು. ತಟ್ಟೆಯನ್ನು ನನ್ನ ಕಡೆ ಸ್ವಲ್ಪ ಸರಿಸಿ, ಇನ್ನೊಂದು ಹಾಕು ಅಂತ ಕಣ್ಣಲ್ಲೇ ಹೇಳಿದಳು. “ನಿಯಮಾವಳಿ ಹಾಳಿ ಮುಂಚೇನ ಕಳಸ್ರಿ. ಎಲ್ಲಾನೂ ಓದಕೊಂಡ ಬರ್ತೀನಿ. ಬರೇ ಒಂಬತ್ತನೇದಲ್ಲ.”